ಬಾಡಿಯೂ ಒಂದು ವೈರು

(ಆವತಿ. ಹೆದ್ದಾರಿಯಿಂದ ತುಸು ಒಳಗೆ, ತಿಮ್ಮರಾಯಸ್ವಾಮಿ ಬೆಟ್ಟ ಕಾಣುವ ಒಂದು ಮನೆಯಂಗಳ. ಅಲ್ಲಿ 1968ರ ಅಂಬಾಸಡರ್ ಮಾರ್ಕ್ 2 ನಿಂತಿದೆ. ಮಾತಾಡುತ್ತಿರುವವರು ಇಬ್ಬರು: ದೇವನಹಳ್ಳಿಯಲ್ಲಿ ಬಹುಕಾಲ ಗಾಡಿಗಳ ವೈರಿಂಗ್ ಕೆಲಸ ಮಾಡಿದ ಸೋದರಮಾವ, ತಾತನ ಕಾರನ್ನು ಮತ್ತೆ ರಸ್ತೆಗೆ ತರಲು ಹೊರಟಿರುವ ಸೋದರಸೊಸೆ.)

ಸೊಸೆ: ಬಣ್ಣ ಹೊಡೆಸ್ಕೊಂಡು ಬಂದ್ಮೇಲೆ ಶುರುವಾಗಿದ್ದು ಮಾವ ಇದು. ಟಿಂಕರಿಂಗಿಗೆ ಬಿಡೋಕೆ ಮುಂಚೆ ಲೈಟುಗಳು ಮಂಕಾಗಾದ್ರೂ ಸರಿಯಾಗಿ ಉರೀತಿದ್ವು. ಈಗ ಬಲಗಡೆ ಇಂಡಿಕೇಟರ್ ಹಾಕಿದ್ರೆ ಹಿಂದಿನ ಟೈಲ್ ಲೈಟೂ ಅದರ ಜೊತೆ ಮಿಣುಕುತ್ತೆ. ಬ್ರೇಕ್ ತುಳಿದ್ರೆ ಇಂಡಿಕೇಟರ್ ಅರ್ಧಂಬರ್ಧ ಹತ್ತಿಕೊಳ್ಳುತ್ತೆ. ಹೆಡ್‌ಲೈಟ್ ಹಾಕಿದ್ರೆ ಎದುರಿನ ಗೋಡೆ ಮೇಲೆ ಹಳದಿ ಮಬ್ಬು, ಅಷ್ಟೆ. ಒಬ್ಬ ಎಲೆಕ್ಟ್ರಿಷಿಯನ್ ಬಂದು ಬಲ್ಬು ಬದಲಾಯಿಸಿದ, ಫ್ಲಾಷರ್ ಬದಲಾಯಿಸಿದ, ಕೊನೆಗೆ ಎಲ್ಲಾ ವೈರೂ ಕಿತ್ತು ಹೊಸದು ಎಳೀಬೇಕು ಅಂದ.

ಮಾವ: ಏನೂ ಕೀಳಿಸಬೇಡ. ಕಿತ್ತ ಮೇಲೆ ಎಲ್ಲಿ ಕೆಟ್ಟಿತ್ತು ಅನ್ನೋದೇ ಗೊತ್ತಾಗಲ್ಲ, ಆ ತಪ್ಪು ಹೊಸ ವೈರಿಗೂ ಬರ್ತದೆ. ನೀನು ಈಗ ಹೇಳಿದ್ಯಲ್ಲ, ಬಣ್ಣ ಹೊಡೆಸಿದ ಮೇಲೆ ಅಂತ, ಅದರಲ್ಲೇ ಅರ್ಧ ಉತ್ತರ ಐತೆ. ಇಂಡಿಕೇಟರ್ ಹಾಕಿದ್ರೆ ಟೈಲ್ ಲೈಟ್ ಮಿಣುಕೋದು, ಬ್ರೇಕ್ ಒತ್ತಿದ್ರೆ ಇನ್ನೊಂದು ಲೈಟು ಹತ್ತೋದು, ಇವೆಲ್ಲ ಬಲ್ಬು ಕೆಟ್ಟಾಗ ಆಗೋದಲ್ಲ. ಬಲ್ಬು ಕೆಟ್ಟರೆ ಸುಮ್ಮನೆ ಆರಿ ಹೋಗ್ತದೆ. ಒಂದಕ್ಕೊಂದು ಸಂಬಂಧ ಇಲ್ಲದ ಲೈಟುಗಳು ಕೂಡಿಕೊಂಡು ಉರಿಯೋಕೆ ಶುರು ಮಾಡಿದ್ರೆ, ವಾಪಸ್ ಹೋಗೋ ದಾರಿ ಮುಚ್ಚಿಹೋಗೈತೆ ಅಂತ ತಿಳ್ಕೋ.

ಸೊಸೆ: ಅರ್ತಿಂಗ್?

ಮಾವ: ಅದೇ. ಮನೇಲಿ ಒಂದು ಬಲ್ಬಿಗೆ ಎರಡು ವೈರು ಎಳೀತೀವಿ. ಕಾರಲ್ಲಿ ಬಲ್ಬಿಗೆ ಬರೋದು ಒಂದೇ ವೈರು. ವಾಪಸ್ ಹೋಗೋದು ಬಾಡಿ ತಗಡಿನ ಮೇಲೆ. ಹೋಲ್ಡರಿಂದ ಲೈಟಿನ ಚಿಪ್ಪಿಗೆ, ಚಿಪ್ಪಿನ ಸ್ಕ್ರೂ ಇಂದ ತಗಡಿಗೆ, ತಗಡಿಂದ ಬ್ಯಾಟರಿ ಪಟ್ಟಿಗೆ. ಬಾಡಿನೂ ಒಂದು ವೈರೇ ಕಣಮ್ಮ, ಇಡೀ ಗಾಡೀಲಿ ಅದೇ ದೊಡ್ಡ ವೈರು. ನೀನು ಆ ವೈರನ್ನ ಚೆನ್ನಾಗಿ ತಿಕ್ಕಿಸಿ, ಪ್ರೈಮರ್ ಕೊಟ್ಟು, ಮೇಲೆ ದಪ್ಪಗೆ ಬಣ್ಣ ಹೊಡೆಸಿದ್ದೀಯ. ಬಣ್ಣದ ಮೇಲೆ ಲೈಟ್ ಕೂರಿಸಿ ಸ್ಕ್ರೂ ಬಿಗಿದವ್ರೆ. ಲೋಹಕ್ಕೆ ಲೋಹ ತಾಗಿಲ್ಲ.

ಸೊಸೆ: ಬಣ್ಣ ಕರೆಂಟು ಬಿಡಲ್ಲ, ಸರಿ. ಹಾಗಾದ್ರೆ ಲೈಟು ಪೂರ್ತಿ ಆರಬೇಕಿತ್ತು. ಬೇರೆದು ಯಾಕೆ ಹತ್ತುತ್ತೆ?

ಮಾವ: ಕರೆಂಟು ಬಂದಾಯ್ತು, ಹೋಗೋಕೆ ದಾರಿ ಹುಡುಕ್ತದೆ. ನೀನು ಬ್ರೇಕ್ ತುಳಿದೆ. 21 ವ್ಯಾಟಿನ ತಂತಿ ದಾಟಿ ಕರೆಂಟು ಹೋಲ್ಡರಿನ ಲೋಹಕ್ಕೆ ಬಂತು. ಅಲ್ಲಿಂದ ಬಾಡಿಗೆ ಇಳಿಯೋಕಾಗಲ್ಲ. ಅದೇ ಚಿಪ್ಪಿನಲ್ಲಿ ಇಂಡಿಕೇಟರ್ ಬಲ್ಬೂ ಕೂತಿದೆಯಲ್ಲ, ಅದರ ತಂತಿಯೊಳಗೆ ಉಲ್ಟಾ ನುಗ್ಗಿ, ಇಂಡಿಕೇಟರ್ ವೈರ್ ಹಿಡಿದು ಮುಂದಕ್ಕೆ ಬಂದು, ಮುಂದಿನ ಬಲಗಡೆ ಇಂಡಿಕೇಟರ್ ಬಲ್ಬಿನ ಮೂಲಕ ಬಾಡಿ ಸೇರ್ತದೆ. ಇನ್ನೊಂದು ಪಾಲು ಟೈಲ್ ಲೈಟಿನ 5 ವ್ಯಾಟ್ ತಂತಿ ದಾಟಿ, ಪಾರ್ಕಿಂಗ್ ಲೈಟುಗಳ ವೈರಿಗೆ ಹೋಗ್ತದೆ. ಈಗ ನೀನು ಕೀ ಹಾಕಿ, ಲೈಟು, ಇಂಡಿಕೇಟರ್ ಎರಡೂ ಆಫ್ ಮಾಡಿ ಬ್ರೇಕ್ ಒತ್ತಿಕೊಂಡು ಕೂತ್ಕೋ, ನಾನು ಮುಂದೆ ಹೋಗಿ ನೋಡ್ತೀನಿ. ನೋಡು, ಬಲಗಡೆ ಮುಂದಿನ ಇಂಡಿಕೇಟರ್ ಸಣ್ಣಗೆ ಉರೀತೈತೆ. ಬ್ರೇಕ್ ಒತ್ತಿದ್ರೆ ಮುಂದುಗಡೆ ಲೈಟ್ ಹತ್ತೋದು ಯಾವ ಕಂಪನಿ ಕಾರಲ್ಲೂ ಇಲ್ಲ.

ಸೊಸೆ: ಡ್ಯಾಶ್‌ಬೋರ್ಡಿನ ಮೀಟರ್ ಲೈಟೂ ಸ್ವಲ್ಪ ಹತ್ತುತ್ತಿದೆ ಮಾವ! ಇಷ್ಟು ದಿನ ಗಮನಿಸಿರಲಿಲ್ಲ.

ಮಾವ: ಹಗಲಲ್ಲಿ ಕಾಣಲ್ಲ ಅದು. ಅದೂ ಪಾರ್ಕಿಂಗ್ ಲೈಟಿನ ವೈರಿಗೇ ಸೇರಿದ್ದು. ಈಗ ಈ ಉದ್ದ ವೈರು ತಗೋ. ಒಂದು ತುದಿ ಬ್ಯಾಟರಿ ಮೈನಸ್ಸಿಗೆ ಕಚ್ಚಿಸು, ಇನ್ನೊಂದು ತುದಿ ತಂದು ಹಿಂದಿನ ಹೋಲ್ಡರಿನ ಲೋಹಕ್ಕೆ ಮುಟ್ಟಿಸು. ಬ್ರೇಕ್ ನಾನು ಒತ್ತುತೀನಿ.

ಸೊಸೆ: ಅಬ್ಬಾ! ಕೆಂಪಗೆ ಪೂರ್ತಿ ಉರೀತಿದೆ. ಇಂಡಿಕೇಟರ್ ಆರಿಹೋಯ್ತು.

ಮಾವ: ಬಲ್ಬೂ ಬೇಡ, ಫ್ಲಾಷರೂ ಬೇಡ, ಒಂದು ವೈರು ಸಾಕಾಯ್ತು. ವೈರು ತೆಗೆದು ಈಗ ಮೀಟರ್ ಇಡು. ಕಪ್ಪು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಕೆಂಪು ಕಡ್ಡಿ ಹೋಲ್ಡರಿನ ಲೋಹಕ್ಕೆ. ಬ್ರೇಕ್ ಒತ್ತಿದಾಗ ಎಷ್ಟು ತೋರಿಸ್ತದೆ?

ಸೊಸೆ: 4.3 ವೋಲ್ಟ್.

ಮಾವ: ಅಲ್ಲಿ ಸೊನ್ನೆ ಇರಬೇಕು. 0.1, ಹೆಚ್ಚಂದ್ರೆ 0.2 ಇದ್ರೆ ಒಪ್ಪಬೋದು. 4.3 ಅಂದ್ರೆ ಬಲ್ಬಿಗೆ ಸಿಗಬೇಕಾದ ವೋಲ್ಟೇಜಿನಲ್ಲಿ ಮೂರನೇ ಒಂದು ಭಾಗ ಈ ಬಣ್ಣದ ಪದರದ ಕಡೆಯೇ ನಿಂತುಹೋಗೈತೆ. ಇನ್ನೊಂದು ಮಾತು ಮನಸ್ಸಲ್ಲಿಟ್ಟುಕೋ. ಈ ಪರೀಕ್ಷೆ ಮಾಡೋವಾಗ ಲೈಟು ಉರೀತಾ ಇರಬೇಕು. ಲೈಟು ಆಫ್ ಇದ್ದಾಗ ಮೀಟರ್ ಇಟ್ರೆ ಎಲ್ಲಾ ಕಡೆ ಚೆನ್ನಾಗೇ ಕಾಣ್ತದೆ.

ಸೊಸೆ: ಕರೆಂಟು ಹರೀದೆ ಇದ್ರೆ ಡ್ರಾಪ್ ಇಲ್ಲ, ಅದು ಗೊತ್ತು. ಆದ್ರೆ ಆ ಎಲೆಕ್ಟ್ರಿಷಿಯನ್ ಬಲ್ಬು ತೆಗೆದು ಹೋಲ್ಡರಿಗೆ ಮೀಟರ್ ಇಟ್ಟು, 12 ವೋಲ್ಟ್ ಬರ್ತಿದೆ, ವೈರ್ ಸರಿ ಇದೆ ಅಂತ ತೋರಿಸಿದ್ದ.

ಮಾವ: ಮೀಟರಿಗೆ ಬೇಕಿರೋ ಕರೆಂಟು ಲೆಕ್ಕಕ್ಕಿಲ್ಲ. ಹದಿನೈದು ಎಳೆ ಇದ್ದ ವೈರಲ್ಲಿ ಹದಿನಾಲ್ಕು ಕತ್ತರಿಸಿಹೋಗಿ ಒಂದೆಳೆ ಉಳಿದಿದ್ರೂ ಮೀಟರ್ 12 ತೋರಿಸ್ತದೆ. ಆ ಒಂದೆಳೇಲಿ ಹೆಡ್‌ಲೈಟ್ ಉರೀತದಾ? ನಿಮ್ಮ ದ್ರಾಕ್ಷಿ ತೋಟದ ಡ್ರಿಪ್ ಪೈಪು ನೋಡಿದ್ದೀಯಲ್ಲ. ಕೊನೇ ತುದಿ ಮುಚ್ಚಿ ಗೇಜ್ ಇಟ್ರೆ ಪ್ರೆಷರ್ ಪೂರ್ತಿ ಕಾಣ್ತದೆ. ಎಲ್ಲಾ ಸಾಲೂ ಬಿಟ್ಟಾಗ ಕೊನೇ ಗಿಡಕ್ಕೆ ನೀರು ಹೋಗ್ತದೋ ಇಲ್ವೋ ಅನ್ನೋದು ಬೇರೆ ವಿಷಯ. ಅದಕ್ಕೇ ನಾವು ಮೊದಲಿಂದ ಟೆಸ್ಟ್ ಲ್ಯಾಂಪ್ ನಂಬಿದೋರು. ಹೋಲ್ಡರಲ್ಲಿ ಒಂದು 21 ವ್ಯಾಟ್ ಬಲ್ಬು, ಎರಡು ವೈರು. ಅದು ಸುಮಾರು ಒಂದು ಮುಕ್ಕಾಲು ಆಂಪ್ ಎಳೀತದೆ. ವೈರಲ್ಲಿ ಜೀವ ಇದ್ರೆ ಪ್ರಕಾಶವಾಗಿ ಉರೀತದೆ, ಇಲ್ಲದಿದ್ರೆ ಮಂಕು. ಈಗಿನ ಕಾಲದ ಕಂಪ್ಯೂಟರ್ ಇರೋ ಗಾಡೀಲಿ ಅದನ್ನ ಬಳಸಬಾರದು, ಒಳಗಿನ ಪಾರ್ಟು ಸುಟ್ಟೀತು. ಅಂಬಾಸಡರಿಗೆ ಅದಕ್ಕಿಂತ ಒಳ್ಳೇ ಸಾಮಾನು ಇಲ್ಲ.

ಸೊಸೆ: ಹಾಗಾದ್ರೆ ಹಿಂದಿನದು ಈಗಲೇ ಸರಿಮಾಡೋಣ. ಸ್ಕ್ರೂ ಜಾಗದ ಬಣ್ಣ ಕೆರೆದ್ರೆ ಸಾಕಾ?

ಮಾವ: ಸ್ಕ್ರೂ ತಲೆ ಕೂರೋ ಕಡೆ, ಡಿಕ್ಕಿ ಒಳಗಡೆ ನಟ್ಟು ಕೂರೋ ಕಡೆ, ಎರಡೂ ಕಡೆ ಎಮರಿ ಪೇಪರಿಂದ ತಿಕ್ಕು. ತಗಡು ಬೆಳ್ಳಗೆ ಹೊಳೀಬೇಕು. ಹೊರಗಡೆ ಕಾಣೋ ಬಣ್ಣ ಮುಟ್ಟಬೇಡ, ವಾಷರ್ ಅಗಲದಷ್ಟು ಮಾತ್ರ. ಹಲ್ಲಿರೋ ಸ್ಟಾರ್ ವಾಷರ್ ಹಾಕಿ ಬಿಗಿ, ಅದು ತಗಡನ್ನ ಕಚ್ಚಿ ಹಿಡೀತದೆ. ಬಿಗಿದ ಮೇಲೆ ಮೇಲಿಂದ ಗ್ರೀಸು ಸವರು, ಗಾಳಿ ನೀರು ಹೋಗಬಾರದು. ಇಷ್ಟಾದ ಮೇಲೂ ನಾನು ಒಂದು ಕೆಲಸ ಜಾಸ್ತಿ ಮಾಡ್ತೀನಿ. ಎರಡೂ ಹಿಂದಿನ ಲೈಟಿನ ಹೋಲ್ಡರಿಂದ ಒಂದೊಂದು ಕಪ್ಪು ವೈರು ಎಳೆದು, ಡಿಕ್ಕಿ ತಳದಲ್ಲಿ ಒಂದೇ ಬೋಲ್ಟಿಗೆ ಸೇರಿಸಿ ಬಿಗೀತೀನಿ. ಮುಂದೆ ಯಾವತ್ತಾದ್ರೂ ಚಿಪ್ಪಿನ ಸ್ಕ್ರೂ ತುಕ್ಕು ಹಿಡಿದ್ರೂ ಲೈಟು ನಿಲ್ಲಲ್ಲ.

ಸೊಸೆ: ಬೋನೆಟ್ ಕಡೆನೂ ಬಣ್ಣ ಹೊಡೆದಿದ್ದಾರಲ್ಲ.

ಮಾವ: ಅಲ್ಲೂ ಅದೇ ಕೆಲಸ. ಬ್ಯಾಟರಿಯಿಂದ ಬಾಡಿಗೆ ಬರೋ ಪಟ್ಟಿ, ಬಾಡಿಯಿಂದ ಎಂಜಿನ್ನಿಗೆ ಹೋಗೋ ಹೆಣೆದ ಪಟ್ಟಿ, ಎರಡನ್ನೂ ಬಿಚ್ಚಿ ತಿಕ್ಕಿ ಕಟ್ಟಬೇಕು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರ್ತದೆ, ಅದಕ್ಕೂ ಬಾಡಿಗೂ ಸಂಬಂಧ ಆ ಪಟ್ಟಿಯೊಂದೇ. ಅದು ಹೋಗಿದ್ರೆ ಸ್ಟಾರ್ಟರಿನ ಅಷ್ಟೂ ಕರೆಂಟು ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸ್ ಬರ್ತದೆ. ಕೇಬಲ್ ಕಾದು ಹೊಗೆಯಾಡಿದ ಗಾಡಿಗಳನ್ನ ನಾನೇ ನೋಡೀನಿ.

ಸೊಸೆ: ಒಂದು ಕೇಳ್ಬೇಕಿತ್ತು. ಹಳೇ ಪುಸ್ತಕದಲ್ಲಿ ಬ್ಯಾಟರಿ ಪ್ಲಸ್ಸನ್ನ ಬಾಡಿಗೆ ಕಟ್ಟಿರೋ ಚಿತ್ರ ಇತ್ತು. ಪ್ರಿಂಟ್ ತಪ್ಪಾ?

ಮಾವ: ತಪ್ಪಲ್ಲ. ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಹುಟ್ಟಿದ್ದು. ಆ ಕಾಲದಲ್ಲಿ ಅವರ ಗಾಡಿಗಳಲ್ಲಿ ಪ್ಲಸ್ಸನ್ನೇ ಬಾಡಿಗೆ ಕಟ್ಟೋ ಪದ್ಧತಿ. ನಮ್ಮಪ್ಪ ಡೈನಮೋ ತೆಗೆಸಿ ಆಲ್ಟರ್ನೇಟರ್ ಹಾಕಿಸಿದಾಗ ಈ ಗಾಡಿ ಮೈನಸ್ಸಿಗೆ ಬಂತು. ಹಳೇ ಗಾಡಿಗೆ ಕೈ ಹಾಕೋ ಯಾರೇ ಆಗಲಿ, ಮೊದಲು ಬ್ಯಾಟರಿಯ ಯಾವ ಕಂಬ ಬಾಡಿಗೆ ಹೋಗೈತೆ ಅಂತ ನೋಡ್ಕೋಬೇಕು. ಸಾಧಾರಣ ಬಲ್ಬಿಗೆ ಯಾವುದಾದ್ರೂ ಒಂದೇ. ಆಲ್ಟರ್ನೇಟರಿಗೆ, ರೇಡಿಯೋಗೆ, ಎಲ್‌ಇಡಿಗೆ ಹಾಗಲ್ಲ. ಉಲ್ಟಾ ಆದ್ರೆ ಆಲ್ಟರ್ನೇಟರಿನ ಡಯೋಡ್ ಆಗಲೇ ಸುಡ್ತದೆ.

ಸೊಸೆ: ಎಲ್‌ಇಡಿ ವಿಷಯ ನೀವೇ ತೆಗೆದ್ರಿ. ನನಗೆ ಎಲ್ಲಾ ಎಲ್‌ಇಡಿ ಹಾಕೋ ಆಸೆ. ಕರೆಂಟು ಕಡಿಮೆ ಎಳೆಯುತ್ತೆ, ಹಳೇ ವೈರಿಗೆ ಭಾರ ಇಳಿಯುತ್ತೆ.

ಮಾವ: ಭಾರ ಇಳೀತದೆ, ಅದು ನಿಜ. ಆದ್ರೆ ಕರೆಂಟು ಕಡಿಮೆ ಎಳೆಯೋದ್ರಿಂದ ಕೆಟ್ಟ ಜಾಯಿಂಟಲ್ಲೂ ಅದು ಉರೀತದೆ. ಜಾಯಿಂಟ್ ಕೆಟ್ಟಿದ್ದು ನಿನಗೆ ಕಾಣಲ್ಲ, ಒಂದು ಮಳೆಗಾಲದಲ್ಲಿ ಒಟ್ಟಿಗೇ ಕೈ ಕೊಡ್ತದೆ. ಅದಕ್ಕೇ ಮೊದಲು ದಾರಿ ಸರಿಮಾಡು, ಆಮೇಲೆ ಟೈಲ್ ಲೈಟಿಗೆ ಬೇಕಾದ್ರೆ ಹಾಕ್ಕೋ, ಕೆಂಪು ಗಾಜಿಗೆ ಕೆಂಪು ಎಲ್‌ಇಡಿ. ಇಂಡಿಕೇಟರಿಗೆ ಹಾಕಿದ್ರೆ ಹಳೇ ಫ್ಲಾಷರ್ ಕೆಲಸ ಮಾಡಲ್ಲ. ಅದರೊಳಗೆ ಇರೋದು ಬಿಸಿಯಾಗಿ ತಣ್ಣಗಾಗೋ ತಂತಿ. ಬಲ್ಬುಗಳು ಎಳೆಯೋ ಕರೆಂಟಿಂದಲೇ ಅದು ಬಿಸಿಯಾಗಬೇಕು. ಹೆಡ್‌ಲೈಟಿಗಂತೂ ನಾನು ಬೇಡ ಅಂತೀನಿ. ಆ ಏಳು ಇಂಚಿನ ರಿಫ್ಲೆಕ್ಟರ್ ಮಾಡಿರೋದು ತಂತಿ ಉರಿಯೋ ಆ ಒಂದು ಜಾಗಕ್ಕೆ. ಬೆಳಕು ಹುಟ್ಟೋ ಜಾಗ ಸ್ವಲ್ಪ ಅತ್ತಿತ್ತ ಆದ್ರೂ ಎದುರಿಗೆ ಬರೋನ ಕಣ್ಣಿಗೆ ಹೊಡೀತದೆ, ನಿನ್ನ ರಸ್ತೆಗೆ ಬೀಳಲ್ಲ.

ಸೊಸೆ: ಈಗಿರೋ ಹ್ಯಾಲೋಜನ್ನೂ ಬೀಳ್ತಿಲ್ಲವಲ್ಲ. 60/55 ಬಲ್ಬು ಹಾಕಿಸಿದ್ದೀನಿ.

ಮಾವ: ಅದನ್ನ ಅಳೆದೇ ನೋಡೋಣ. ಎಂಜಿನ್ ಬೇಡ, ಲೈಟ್ ಹಾಕು, ಡಿಮ್ಮಲ್ಲಿ ಇರಲಿ. ಬ್ಯಾಟರಿ ಎರಡು ಕಂಬಕ್ಕೆ ಎಷ್ಟೈತೆ?

ಸೊಸೆ: 12.2.

ಮಾವ: ಈಗ ಹೆಡ್‌ಲೈಟ್ ಬಲ್ಬಿನ ಹಿಂದಿನ ಪ್ಲಗ್ಗಲ್ಲಿ, ಬಲ್ಬು ಉರೀತಿರೋವಾಗಲೇ?

ಸೊಸೆ: ಸರಿಯಾಗಿ 10.0. ಎರಡಕ್ಕಿಂತ ಹೆಚ್ಚು ವೋಲ್ಟ್ ದಾರೀಲೇ ಹೋಗಿದೆ!

ಮಾವ: ಲೆಕ್ಕ ನೀನು ಕಾಲೇಜಲ್ಲಿ ಓದಿದೋಳು, ಮಾಡು.

ಸೊಸೆ: ಎರಡೂ ಬಲ್ಬು ಸೇರಿ ಸುಮಾರು 9 ಆಂಪ್ ಅಂತ ಇಟ್ಕೊಂಡ್ರೆ, 2.2 ವೋಲ್ಟಿಗೆ ಕಾಲು ಓಮಿಗಿಂತ ಕಡಿಮೆ. ಇಷ್ಟು ಸಣ್ಣ ರೆಸಿಸ್ಟನ್ಸನ್ನ ನನ್ನ ಮೀಟರಿನ ಓಮ್ ಕಡೆ ಇಟ್ರೆ ನಂಬೋ ಹಾಗೇ ಇಲ್ಲ, ಕಡ್ಡಿ ವೈರಿನದೇ ಅಷ್ಟಿರುತ್ತೆ. ಆದ್ರೂ ಅದರಲ್ಲಿ 20 ವ್ಯಾಟ್ ಶಾಖ ಆಗ್ತಿದೆ. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ 3.4ನೇ ಘಾತದ ಹಾಗೆ ಇಳಿಯುತ್ತೆ ಅಂತ ಓದಿದ್ದೆ. ವೋಲ್ಟೇಜ್ ಶೇ. 10 ಇಳಿದ್ರೆ ಬೆಳಕು ಶೇ. 30 ಹೋಗುತ್ತೆ. ಇಲ್ಲಿ ಶೇ. 18 ಇಳಿದಿದೆ. ಅಂದ್ರೆ ಬಲ್ಬಿನ ಬೆಳಕು ಅರ್ಧ ಮಾತ್ರ.

ಮಾವ: ನಿನಗೆ ಕಂಡ ಹಳದಿ ಮಬ್ಬು ಅದೇ. ಅಂಗಡಿಗೆ ಹೋಗಿ 100/90 ಬಲ್ಬು ತಂದು ಹಾಕಿದ್ರೆ ಕರೆಂಟು ಇನ್ನೂ ಜಾಸ್ತಿ ಎಳೆದು, ಇನ್ನೂ ಜಾಸ್ತಿ ವೋಲ್ಟ್ ದಾರೀಲಿ ಹೋಗಿ, ಸ್ವಿಚ್ಚೇ ಕರಗ್ತದೆ. ಹೈವೇಲಿ ಲಾರಿ, ಟ್ಯಾಕ್ಸಿಯೋರು ಎಷ್ಟೋ ಜನ ಹಾಗೆ ಮಾಡಿಸ್ಕೊಂಡು ನನ್ನ ಹತ್ರ ಬಂದವ್ರೆ. ಈಗ ಆ 2.2 ಎಲ್ಲೆಲ್ಲಿ ಹೋಯ್ತು ಅಂತ ಹುಡುಕು. ಲೈಟು ಉರೀತಾ ಇರಲಿ. ಒಂದೊಂದು ತುಂಡಿನ ಎರಡು ಕಡೆ ಕಡ್ಡಿ ಇಟ್ಟುಕೊಂಡು ಬಾ.

ಸೊಸೆ: ಬ್ಯಾಟರಿಯಿಂದ ಸ್ವಿಚ್ಚಿನವರೆಗೆ 0.4. ಸ್ವಿಚ್ಚಿನ ಈ ಕಡೆಗೂ ಆ ಕಡೆಗೂ 0.6. ಕಾಲಲ್ಲಿ ಒತ್ತೋ ಡಿಪ್ಪರ್ ಸ್ವಿಚ್ಚಲ್ಲಿ 0.5. ಅಲ್ಲಿಂದ ಬಲ್ಬಿನವರೆಗೆ 0.2. ಬಲ್ಬಿಂದ ಬ್ಯಾಟರಿ ಮೈನಸ್ಸಿಗೆ 0.5. ಮಾವ, ಕೂಡಿದ್ರೆ 2.2 ಸರಿಯಾಗಿ ಬಂತು!

ಮಾವ: ಬರಲೇಬೇಕು. ಲೆಕ್ಕ ತಾಳೆ ಆಗೋವರೆಗೂ ಬಿಡಬಾರದು. ನೋಡು, ಯಾವುದೂ ಪೂರ್ತಿ ಕೆಟ್ಟಿಲ್ಲ. ಐದು ಕಡೆ ಸ್ವಲ್ಪ ಸ್ವಲ್ಪ. ಒಂದು ಪಾರ್ಟು ಬದಲಾಯಿಸಿ, ಆಗಲಿಲ್ಲ ಅಂತ ಇನ್ನೊಂದು ಬದಲಾಯಿಸೋನಿಗೆ ಇದು ಸಿಗೋದೇ ಇಲ್ಲ. ಡಿಪ್ಪರ್ ಸ್ವಿಚ್ ಕಾಲಡಿ ಇರ್ತದೆ, ಚಪ್ಪಲಿ ಮಣ್ಣು, ಮಳೆ ನೀರು ಎಲ್ಲಾ ಅದರ ಮೇಲೇ. ಬಿಚ್ಚಿ ತೊಳೆದು ಒಳಗಿನ ತಾಮ್ರ ತಿಕ್ಕಿದ್ರೆ ಇನ್ನೂ ಬಾಳ್ತದೆ. ರೇಡಿಯೇಟರ್ ಮುಂದೆ ರಬ್ಬರ್ ತೋಳಿನೊಳಗೆ ಬುಲೆಟ್ ಕನೆಕ್ಟರ್ ಇರ್ತವೆ, ಅದನ್ನ ಎಳೆದು ನೋಡು.

ಸೊಸೆ: ಹಸಿರು ಕಿಲುಬು ಹಿಡಿದಿದೆ.

ಮಾವ: ಅವನ್ನ ತಿಕ್ಕಿ ಉಪಯೋಗ ಇಲ್ಲ. ಜೆ.ಸಿ. ರೋಡಲ್ಲಿ ಹೊಸ ಬುಲೆಟ್ಟು, ತೋಳು ಎರಡೂ ಸಿಗ್ತವೆ. ವೈರಿನ ತುದಿ ಬೆಳ್ಳಗೆ ಮಾಡಿ ಬೆಸುಗೆ ಹಾಕಿ ಕೂರಿಸು. ವೈರಿಗೆ ವೈರು ಹೊಸೆದು ಟೇಪು ಸುತ್ತೋದು ಮಾತ್ರ ಬೇಡ. ಎಂಜಿನ್ ಬಿಸಿಗೆ ಟೇಪಿನ ಅಂಟು ಬಿಟ್ಟುಕೊಳ್ತದೆ.

ಸೊಸೆ: ಇಷ್ಟೆಲ್ಲ ಮಾಡಿದ್ರೂ ಅಷ್ಟು ಕರೆಂಟು ಹಳೇ ಸ್ವಿಚ್ಚಿನ ಮೇಲೇ ಹೋಗಬೇಕಲ್ಲ. ರಿಲೇ ಹಾಕೋಣ ಅಂದ್ರೆ, ಹಳೇ ಕಾರಿನ ಅಸಲಿತನ ಕೆಡುತ್ತೆ ಅಂತಾರೆ. ನಾಳೆ ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸೋವಾಗ ತೊಂದರೆ ಆಗಬಾರದು.

ಮಾವ: ಆ ಕಾನೂನು ನೀನೇ ಓದಿದ್ದೀಯಲ್ಲ, ಏನಂತದೆ?

ಸೊಸೆ: 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ರಿಜಿಸ್ಟರ್ ಮಾಡಿಸಿದ್ರೆ ನಂಬರಲ್ಲಿ ‘ವಿಎ’ ಅಂತ ಬರುತ್ತೆ, ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತೆ. ಮೊದಲೇ ರಿಜಿಸ್ಟರ್ ಆಗಿರೋ ಗಾಡಿ ಹಳೇ ನಂಬರನ್ನೇ ಉಳಿಸ್ಕೋಬಹುದು. ಆದ್ರೆ ವಿಂಟೇಜ್ ಮಾಡಿಸಿದ ಮೇಲೆ ದಿನಾ ಓಡಿಸೋ ಹಾಗಿಲ್ಲ, ಬಾಡಿಗೆಗೂ ಇಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಂಥದಕ್ಕೆ ಮಾತ್ರ ರಸ್ತೆಗೆ ಇಳಿಸಬೇಕು.

ಮಾವ: ಹಳೇ ನಂಬರ್ ಉಳಿಸ್ಕೋ. ‘ಎಂವೈ’ ಅಂತ ಶುರುವಾಗೋದು, ನಮ್ಮದು ಇನ್ನೂ ಮೈಸೂರು ರಾಜ್ಯ ಆಗಿದ್ದಾಗಿನದು. ಅದನ್ನ ನೋಡಿದ್ರೆ ನನಗೆ ನಮ್ಮಪ್ಪನೇ ಕಣ್ಣ ಮುಂದೆ ಬರ್ತಾನೆ. ರೇಷ್ಮೆಗೂಡು ಡಿಕ್ಕಿಗೆ, ಹಿಂದಿನ ಸೀಟಿಗೆ ತುಂಬಿಕೊಂಡು ಬೆಳಗಿನ ಜಾವ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಡೋನು. ಆಗ ಲೈಟು ಮಂಕಾದ್ರೂ ನಡೀತಿತ್ತು, ರಸ್ತೇಲಿ ಗಾಡಿ ಇರಲಿಲ್ಲ. ಈಗ ಹಾಗಲ್ಲ. ಇನ್ನು ರಿಲೇ ವಿಷಯ: ಅದು ಚಾಸಿನೂ ಅಲ್ಲ, ಬಾಡಿನೂ ಅಲ್ಲ, ಎಂಜಿನ್ನೂ ಅಲ್ಲ. ನಾನಂತೂ ಹಾಕು ಅಂತೀನಿ. ಹಳೇ ವೈರಲ್ಲಿ ಒಂದನ್ನೂ ಕತ್ತರಿಸದೆ ಹಾಕಬೋದು. ಡಿಪ್ಪರಿಂದ ಹೆಡ್‌ಲೈಟಿಗೆ ಹೋಗೋ ವೈರನ್ನ ಬುಲೆಟ್ ಜಾಗದಲ್ಲಿ ಬಿಡಿಸಿ ರಿಲೇಯ 86ಕ್ಕೆ ಕೊಡು, 85 ಬಾಡಿಗೆ. ಬ್ಯಾಟರಿಯಿಂದ ಹೊಸ ದಪ್ಪ ವೈರು ಫ್ಯೂಸ್ ದಾಟಿ 30ಕ್ಕೆ, 87ರಿಂದ ನೇರ ಹೆಡ್‌ಲೈಟಿಗೆ. ಹೈಗೆ ಒಂದು, ಡಿಮ್ಮಿಗೆ ಒಂದು. ಆಮೇಲೆ ಹಳೇ ಸ್ವಿಚ್ಚಿನ ಮೇಲೆ ಹೋಗೋದು ಬರೀ ರಿಲೇ ಕಾಯಿಲಿನ ಕರೆಂಟು.

ಸೊಸೆ: ಒಂದು ಆಂಪಿನ ಐದನೇ ಒಂದು ಭಾಗವೂ ಇರಲ್ಲ. ನಾಳೆ ಬೇಡ ಅಂದ್ರೆ ಬುಲೆಟ್ ಮತ್ತೆ ಕೂಡಿಸಿದ್ರೆ ಆಯ್ತು, ಹಳೇದೇ ಬರುತ್ತೆ. ಆದ್ರೆ ಮಾವ, ಹೆಡ್‌ಲೈಟಿಗೆ ಈಗ ಫ್ಯೂಸೇ ಕಾಣ್ತಿಲ್ಲ. ಫ್ಯೂಸ್ ಬಾಕ್ಸಲ್ಲಿ ಬರೀ ಎರಡು ಫ್ಯೂಸು.

ಮಾವ: ಕಂಪನೀಲೇ ಇರಲಿಲ್ಲ. ಆ ಕಾಲದ ಬ್ರಿಟಿಷ್ ಮಾದರಿ ಗಾಡಿಗಳಲ್ಲಿ ಹೆಡ್‌ಲೈಟಿಗೆ ಫ್ಯೂಸ್ ಕೊಡ್ತಿರಲಿಲ್ಲ. ಓಡೋವಾಗ ಫ್ಯೂಸ್ ಹಾರಿ ಎರಡೂ ಲೈಟು ಒಟ್ಟಿಗೆ ಆರಿದ್ರೆ ಗತಿ ಏನು? ಅದಕ್ಕೇ ರಿಲೇಯ 87 ದಾಟಿದ ಮೇಲೆ ಎಡಗಡೆಗೆ ಒಂದು ಫ್ಯೂಸು, ಬಲಗಡೆಗೆ ಒಂದು ಫ್ಯೂಸು ಬೇರೆ ಬೇರೆ ಹಾಕು. ಒಂದು ಹೋದ್ರೂ ಇನ್ನೊಂದು ಕಣ್ಣು ಇರ್ತದೆ. ಮತ್ತೆ ಆ ಹಳೇ ಗಾಜಿನ ಫ್ಯೂಸ್ ಮೇಲೆ 35 ಅಂತ ಬರೆದೈತೆ ನೋಡು. ಅದು ಹಾರಿಹೋಗೋ ಲೆಕ್ಕ. ಸದಾ ಹೊರೋ ಲೆಕ್ಕ ಅದರರ್ಧ, 17 ಆಂಪು. ಈಗಿನ ಬ್ಲೇಡ್ ಫ್ಯೂಸಿನ ಮೇಲೆ ಬರೆದಿರೋದು ಹೊರೋ ಲೆಕ್ಕ. 35 ಹೋಯ್ತು ಅಂತ ಈಗಿನ 35 ಹಾಕಿದ್ರೆ ಫ್ಯೂಸಿಗಿಂತ ಮೊದಲು ವೈರು ಸುಡ್ತದೆ. 15, ಹೆಚ್ಚಂದ್ರೆ 20 ಹಾಕು.

ಸೊಸೆ: ಈ ಎರಡನೇ ಫ್ಯೂಸು ಬೇರೆ ಆಗಾಗ ಹಾರ್ತಿತ್ತು. ಹಾರಿದಾಗ ಬ್ರೇಕ್ ಲೈಟು, ಇಂಡಿಕೇಟರು, ವೈಪರು, ಪೆಟ್ರೋಲ್ ಮೀಟರು ಎಲ್ಲಾ ಒಟ್ಟಿಗೆ ಹೋಗ್ತಿತ್ತು. ಫ್ಯೂಸ್ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದನ್ನ ಮೊನ್ನೆ ತಾನೇ ತೆಗೆಸಿದ್ದೀನಿ.

ಮಾವ: ತಂತಿ ಸುತ್ತಿದೋನು ಯಾರೇ ಆಗಲಿ, ಅವನು ಮಾಡಿದ್ದು ಪಾಪದ ಕೆಲಸ. ಫ್ಯೂಸ್ ಜಾಗಕ್ಕೆ ತಂತಿ, ಮೊಳೆ, ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಹಾಕಿದ ಗಾಡಿಗಳೇ ರಸ್ತೇಲಿ ಬೆಂಕಿ ಹಿಡಿಯೋದು. ಒಟ್ಟಿಗೆ ಹೋಗೋ ಸಾಮಾನು ಯಾವುವು ಅಂತ ನೀನು ಹೇಳಿದೆ, ಅವೆಲ್ಲ ಹಸಿರು ವೈರಿನವು. ಲೂಕಾಸ್ ಅನ್ನೋ ಇಂಗ್ಲೆಂಡ್ ಕಂಪನಿಯ ವೈರ್ ಬಣ್ಣ ಒಂದು ಸಲ ಕಲಿತರೆ ಸಾಕು. ಕಂದು ವೈರು ಬ್ಯಾಟರಿಯಿಂದ ನೇರ, ಬಿಳಿ ಕೀ ಹಾಕಿದಾಗ, ಹಸಿರು ಕೀ ಹಾಕಿ ಫ್ಯೂಸ್ ದಾಟಿದ ಮೇಲೆ, ಕೆಂಪು ಪಾರ್ಕಿಂಗ್ ಮತ್ತು ಟೈಲ್, ನೀಲಿ ಹೆಡ್‌ಲೈಟು, ಕಪ್ಪು ಬಾಡಿಗೆ. ನೀಲಿ ಮೇಲೆ ಬಿಳಿ ಗೆರೆ ಇದ್ರೆ ಹೈ, ಕೆಂಪು ಗೆರೆ ಇದ್ರೆ ಡಿಮ್ಮು. ಹಸಿರು ಮೇಲೆ ನೇರಳೆ ಬ್ರೇಕ್ ಲೈಟು. ಅದಕ್ಕೇ ಹಳೇ ವೈರು ಕೀಳಬೇಡ ಅಂದಿದ್ದು. ಇಂಗ್ಲೆಂಡಲ್ಲಿ ಮಾಡಿದ ಆ ಗೆರೆ, ಈ ಬಣ್ಣ, ಆವತೀಲಿ ನಿಂತಿರೋ ಗಾಡಿಯೊಳಗೆ ಇವತ್ತೂ ದಾರಿ ತೋರಿಸ್ತೈತೆ. ಆ ಎಲೆಕ್ಟ್ರಿಷಿಯನ್ ಹೊಸದು ಹಾಕ್ತೀನಿ ಅಂದಿದ್ನಲ್ಲ, ಅಂಗಡೀಲಿ ಸಿಕ್ಕ ಕೆಂಪು ವೈರನ್ನೇ ಎಲ್ಲಾ ಕಡೆ ಎಳೆದುಬಿಟ್ಟಿದ್ರೆ ಮುಂದೆ ಯಾರೂ ಏನೂ ಹುಡುಕೋಕಾಗ್ತಿರಲಿಲ್ಲ.

ಸೊಸೆ: ಆದ್ರೂ ಫ್ಯೂಸ್ ಹಾರೋ ಜಾಗ ಹುಡುಕೋದು ಹೇಗೆ? ಹೊಸ ಫ್ಯೂಸ್ ಹಾಕಿದ ತಕ್ಷಣ ಹಾರಿದ್ರೆ ಅಳೆಯೋಕೆ ಸಮಯವೇ ಇರಲ್ಲ.

ಮಾವ: ಫ್ಯೂಸ್ ತೆಗೆದು ಆ ಎರಡು ಹಿಡಿಕೆಗೆ ನಮ್ಮ 21 ವ್ಯಾಟಿನ ಟೆಸ್ಟ್ ಲ್ಯಾಂಪ್ ಕಚ್ಚಿಸು. ಈಗ ಶಾರ್ಟ್ ಆದ್ರೂ ಬಲ್ಬಿಗಿಂತ ಜಾಸ್ತಿ ಕರೆಂಟು ಹರಿಯಲ್ಲ, ಏನೂ ಸುಡಲ್ಲ. ಶಾರ್ಟ್ ಇರೋವರೆಗೂ ಬಲ್ಬು ಪೂರ್ತಿ ಉರೀತದೆ. ಕೀ ಹಾಕು, ಬ್ರೇಕ್ ಒತ್ತು. ಉರೀತಾ? ಸರಿ, ಅಂದ್ರೆ ತಪ್ಪು ಬ್ರೇಕ್ ಲೈಟಿನ ದಾರೀಲಿ ಐತೆ. ಬ್ರೇಕಿಗೆ ಒಂದು ಕಟ್ಟಿಗೆ ಒರಗಿಸಿ ಇಡು, ವೈರ್ ಹಿಡಿದು ಅಲ್ಲಾಡಿಸ್ತಾ ಹಿಂದಕ್ಕೆ ಹೋಗು. ಎಲ್ಲಿ ಮುಟ್ಟಿದಾಗ ಬಲ್ಬು ಮಂಕಾಗ್ತದೋ ಅಲ್ಲೇ.

ಸೊಸೆ: ಡಿಕ್ಕಿಯೊಳಗೆ ಸ್ಟೆಪ್ನಿ ಪಕ್ಕ... ಇಲ್ಲಿ ಎತ್ತಿದ್ರೆ ಮಂಕಾಯ್ತು. ಜಾಕ್ ಇಟ್ಟು ಇಟ್ಟು ವೈರಿನ ಬಟ್ಟೆ ಸವೆದು ತಾಮ್ರ ಕಾಣ್ತಿದೆ. ಹಸಿರು, ನೇರಳೆ ಗೆರೆ. ನೀವು ಹೇಳಿದ್ದೇ.

ಮಾವ: ಆ ತುಂಡು ಅಷ್ಟೇ ಕತ್ತರಿಸಿ ಅದೇ ಬಣ್ಣದ ವೈರು ಸೇರಿಸಿ, ಮೇಲೆ ತೋಳು ಹಾಕು. ತಗಡಿನ ತೂತು ದಾಟೋ ಕಡೆಯೆಲ್ಲ ರಬ್ಬರ್ ಬಳೆ ಇದೆಯಾ ನೋಡ್ಕೋ. ಬಣ್ಣ ಹೊಡೆಯೋರು ಅದನ್ನ ತೆಗೆದು ಎಸೆದಿರ್ತಾರೆ. ಮತ್ತೆ ಹಿಂದಿನ ಬಲ್ಬುಗಳನ್ನ ಒಂದೊಂದಾಗಿ ತೆಗೆದು ಪಿನ್ ನೋಡು. ಬ್ರೇಕ್ ಮತ್ತು ಟೈಲ್ ಸೇರಿರೋ ಎರಡು ತಂತಿ ಬಲ್ಬಿಗೆ ಪಿನ್ನು ಮೇಲೆ ಕೆಳಗೆ ಇರ್ತವೆ, ಉಲ್ಟಾ ಕೂರಬಾರದು ಅಂತ. ಹೋಲ್ಡರ್ ಸವೆದಿದ್ರೆ ಒತ್ತಿ ಉಲ್ಟಾ ಕೂರಿಸಿಬಿಡ್ತಾರೆ. ಆಗ ಟೈಲ್ ಲೈಟು 21 ವ್ಯಾಟಲ್ಲಿ ಸದಾ ಉರೀತದೆ, ಬ್ರೇಕ್ ಒತ್ತಿದ್ರೆ ಹಿಂದಿನೋನಿಗೆ ಏನೂ ವ್ಯತ್ಯಾಸ ಕಾಣಲ್ಲ.

ಸೊಸೆ: ಹೆಡ್‌ಲೈಟಿಗಿಂತ ಹಿಂದಿನ ಲೈಟಿನ ಮೇಲೇ ನೀವು ಜಾಸ್ತಿ ಒತ್ತು ಕೊಡ್ತಿದ್ದೀರ.

ಮಾವ: ಕೊಡ್ತೀನಿ. ಮುಂದಿನ ಲೈಟು ಮಂಕಾದ್ರೆ ಓಡಿಸೋನಿಗೆ ಗೊತ್ತಾಗ್ತದೆ, ನಿಧಾನ ಮಾಡ್ತಾನೆ. ಹಿಂದಿನದು ಆರಿದ್ರೆ ಒಳಗೆ ಕೂತೋನಿಗೆ ಗೊತ್ತಾಗೋದೇ ಇಲ್ಲ. ಆ ರಸ್ತೆ ನೋಡು. ನಾನು ಕೆಲಸಕ್ಕೆ ಸೇರಿದಾಗ ಅದು ಎನ್‌ಎಚ್ 7, ಎರಡು ಗಾಡಿ ಎದುರು ಬದುರಾದ್ರೆ ಪಕ್ಕಕ್ಕೆ ಇಳೀಬೇಕಿತ್ತು. ಈಗ ಎನ್‌ಎಚ್ 44. 2008ರಲ್ಲಿ ಏರ್‌ಪೋರ್ಟ್ ಬಂದ ಮೇಲೆ ಗಾಡಿ ನಿಲ್ಲೋದೇ ಇಲ್ಲ. ಭಾನುವಾರ ಸೂರ್ಯ ಹುಟ್ಟೋಕೆ ಮುಂಚೆ ನಂದಿ ಬೆಟ್ಟಕ್ಕೆ ಹೋಗೋ ಕಾರು, ಬೈಕು ಎಲ್ಲಾ ಈ ಕಡೇನೇ. ಚಳಿಗಾಲದ ಮಂಜಲ್ಲಿ ನೂರು ಸ್ಪೀಡಲ್ಲಿ ಬರೋನಿಗೆ ನಲವತ್ತರಲ್ಲಿ ಹೋಗ್ತಿರೋ ಅಂಬಾಸಡರು ಕಾಣಬೇಕು ಅಂದ್ರೆ ಆ ಎರಡು ಕೆಂಪು ಬಲ್ಬು ಬಿಟ್ರೆ ಬೇರೇನೂ ಇಲ್ಲ. ಈಗಿನ ಕಾರಿಗಿರೋ ಹಾಗೆ ಗಾಜಿನ ಹತ್ರ ಮೂರನೇ ಬ್ರೇಕ್ ಲೈಟಿಲ್ಲ. ನನ್ನ ಕೇಳಿದ್ರೆ, ಬಂಪರ್ ಕೆಳಗೆ ಎರಡು ಕೆಂಪು ರಿಫ್ಲೆಕ್ಟರೂ ಅಂಟಿಸು. ಅದಕ್ಕೆ ವೈರೂ ಬೇಡ, ಅರ್ತಿಂಗೂ ಬೇಡ.

ಸೊಸೆ: ಈಗ ಹಿಂದಿನ ಎರಡೂ ಕಡೆ ಬಣ್ಣ ಕೆರೆದು ಬಿಗಿದಿದ್ದೀನಿ, ಕಪ್ಪು ವೈರೂ ಎಳೆದಿದ್ದೀನಿ. ಬ್ರೇಕ್ ಒತ್ತಿ ಮಾವ. 0.1 ವೋಲ್ಟ್! ಹೆಡ್‌ಲೈಟಿಗೂ ತಾತ್ಕಾಲಿಕಕ್ಕೆ ಬ್ಯಾಟರಿಯಿಂದ ನೇರ ವೈರು ಕೊಟ್ಟು ನೋಡಿದೆ, ಬಲ್ಬಲ್ಲಿ 11.8 ಬಂತು. ರಿಲೇ, ಬುಲೆಟ್ಟು ನಾಳೆ ಜೆ.ಸಿ. ರೋಡಿಂದ ತರ್ತೀನಿ.

ಮಾವ: ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿ ಕಂಬದಲ್ಲಿ ಒಮ್ಮೆ ನೋಡ್ಕೋ. 13.8ರಿಂದ 14.4ರೊಳಗೆ ಇರಬೇಕು. ಅದಕ್ಕಿಂತ ಹೆಚ್ಚಾದ್ರೆ ಬಲ್ಬುಗಳು ಬೇಗ ಹೋಗ್ತವೆ, ಕಡಿಮೆ ಆದ್ರೆ ಈ ಕೆಲಸವೆಲ್ಲ ಮಾಡಿದ್ರೂ ಮಂಕೇ. ಇವತ್ತು ಅಳೆದ ಅಂಕಿಯೆಲ್ಲ ಒಂದು ಪುಸ್ತಕದಲ್ಲಿ ಬರೆದು ಗ್ಲೋವ್ ಬಾಕ್ಸಲ್ಲಿ ಇಡು, ರಿಲೇ ಎಲ್ಲಿ ಕೂರಿಸಿದೆ, ಯಾವ ವೈರು ಎಲ್ಲಿಗೆ ಕೊಟ್ಟೆ ಅನ್ನೋದರ ಚಿತ್ರವನ್ನೂ. ನಿನ್ನ ನಂತರ ಕೈ ಹಾಕೋರಿಗೆ ಬೇಕಾಗ್ತದೆ.

ಸೊಸೆ: ಬರೀತೀನಿ. ನಮ್ಮ ಕಡೆ ಹಳೇ ಅಂಬಾಸಡರ್, ಫಿಯಟ್ ಪದ್ಮಿನಿ ಇಟ್ಕೊಂಡಿರೋರು ಇನ್ನೂ ಇದ್ದಾರೆ ಮಾವ, ಮದುವೆಗೆ, ಜಾತ್ರೆಗೆ ಹೊರಗೆ ತೆಗೀತಾರೆ. ಅವರಿಗೂ ಹೇಳ್ಬೇಕು.

ಮಾವ: ಹೇಳು. ಮೀಟರೂ ಬೇಡ, ಮೇಸ್ತ್ರಿಯೂ ಬೇಡ. ಕತ್ತಲಾದ ಮೇಲೆ ಗಾಡಿ ಹೊರಗೆ ತೆಗೆಯೋ ಮುಂಚೆ, ಹಿಂದೆ ಒಬ್ಬರನ್ನ ನಿಲ್ಲಿಸಿ ಬ್ರೇಕ್ ಒತ್ತಲಿ, ಎರಡೂ ಕಡೆ ಇಂಡಿಕೇಟರ್ ಹಾಕಲಿ. ಎಡ ಬಲ ಒಂದೇ ಸಮ ಉರೀತಿವೆಯಾ, ಒಂದು ಹಾಕಿದಾಗ ಇನ್ನೊಂದು ಮಿಣುಕ್ತದಾ, ಇಷ್ಟು ನೋಡಿಸಿಕೊಳ್ಳಲಿ. ಮಿಣುಕಿದ್ರೆ ಆ ರಾತ್ರಿ ಗಾಡಿ ರಸ್ತೆಗೆ ತರಬೇಡಿ ಅನ್ನು.